ಗಿಂಕ್ಗೊ ಮಾತ್ರೆ ಕೊಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಪಾರ್ಶ್ವವಾಯು ಆರೈಕೆದಾರರ ಸಭೆಯಲ್ಲಿ ಔಷಧಿ ಪಟ್ಟಿ ನೋಡಲಿದ್ದೇವೆ. ಮಿದುಳಿಗೆ ರಕ್ತ ಚೆನ್ನಾಗಿ ಹರಿಯಲೆಂದು ಗಿಂಕ್ಗೊ (ಗಿಂಕ್ಗೊ ಮರದ ಎಲೆಯ ಸಾರದ ಮಾತ್ರೆ) ಕೊಡುತ್ತಿರುವವರು ದಯವಿಟ್ಟು ಡಬ್ಬಿಯನ್ನೇ ತನ್ನಿ, ಜೊತೆಗೆ ವೈದ್ಯರ ಚೀಟಿ.

ಇದರಲ್ಲಿರುವ ಗಿಂಕ್ಗೊಲೈಡ್ ಬಿ ಎಂಬ ಅಂಶವು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವುದನ್ನು ತಡೆಯಬಲ್ಲದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಾಗೆಂದು ವೈದ್ಯರು ಬರೆದ ಮಾತ್ರೆಯನ್ನು ಖಂಡಿತ ನಿಲ್ಲಿಸಬೇಡಿ. ಗಿಂಕ್ಗೊ ವಿಷಯ ಅವರಿಗೆ ತಿಳಿಸಿ. ಆಪರೇಷನ್, ಹಲ್ಲು ಕೀಳಿಸುವುದು ಇದ್ದರಂತೂ ಮುಂಚೆಯೇ ಹೇಳಿ. ಪ್ರಮಾಣ ಏರಿಸಿಯೂ ಪ್ರಯೋಜನವಿಲ್ಲ: 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 240 ಮಿ.ಗ್ರಾಂ. ಕೊಟ್ಟರೂ ಮರೆಗುಳಿತನದ ಕಾಯಿಲೆ (ಡಿಮೆನ್ಷಿಯಾ) ಬರುವುದು ತಗ್ಗಲಿಲ್ಲ.

ಮಲ ಕಪ್ಪಾದರೆ, ಹಠಾತ್ತನೆ ತೀವ್ರ ತಲೆನೋವು ಬಂದರೆ ಸಭೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿ ತಿಳಿಸಿ.