ಕಳಚಿಡುವ ವಿಂಚ್‌ಗೆ ಸ್ಪಷ್ಟ ನಿಯಮ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಹಾದಿಗಳಲ್ಲಿ ಹೂತುಹೋದ ಜೀಪನ್ನು ಎಳೆಯಲು ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ಬೇಕೇ ಬೇಕು. ಆದರೆ ಅದನ್ನು ಹೊತ್ತ ದಪ್ಪ ಕಬ್ಬಿಣದ ಬಂಪರ್ ಶಿವಮೊಗ್ಗದ ಪೇಟೆಯಲ್ಲಿ ಪಾದಚಾರಿಗಳಿಗೆ ಅಪಾಯವೆಂಬುದೂ ನಿಜ. ವಾಹನದ ಮುಂದೆ ಹೀಗೆ ಕೂರಿಸುವ ಲೋಹದ ಕಂಬಿಗಳಾದ ಬುಲ್‌ಬಾರ್‌ಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಚಾಸಿಸ್‌ಗೆ (ವಾಹನದ ಅಡಿಯ ಮುಖ್ಯ ಚೌಕಟ್ಟಿಗೆ) ಬೋಲ್ಟ್ ಮಾಡಿದ 2 ಇಂಚಿನ ಚೌಕ ಕೊಳವೆಯೊಳಗೆ ವಿಂಚ್ ಕೂರಿಸಿದ ಚೌಕಟ್ಟನ್ನು ತೂರಿಸಿ ಪಿನ್ ಹಾಕುವ ವ್ಯವಸ್ಥೆಯಿದ್ದರೆ, ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಕೊಟ್ಟಿಗೆಯಲ್ಲಿಡಬಹುದು. ಮುಂದಿನ ಸ್ಪ್ರಿಂಗ್‌ಗಳ ಮೇಲಿನ ಭಾರವೂ ಇಳಿಯುತ್ತದೆ. ಎಳೆತವೆಲ್ಲ ಚಾಸಿಸ್‌ಗೇ ಹೋಗಬೇಕು, ವಿಂಚ್‌ನ ಸಾಮರ್ಥ್ಯ ಹೇರು ಸಹಿತ ವಾಹನದ ತೂಕದ ಒಂದೂವರೆ ಪಟ್ಟಾದರೂ ಇರಬೇಕು. ಬರೀ ಅಂದಕ್ಕೆಂದು ವೆಲ್ಡ್ ಮಾಡಿಕೊಡುವವರು ಇದನ್ನೆಲ್ಲ ಎಲ್ಲಿ ಲೆಕ್ಕಿಸುತ್ತಾರೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ, ಇಂತಹ ಜೋಡಣೆಗೆ ಅನ್ವಯಿಸುವ ನಿಯಮವನ್ನು ಸಾರಿಗೆ ಇಲಾಖೆ ಕನ್ನಡದಲ್ಲಿ ಸ್ಪಷ್ಟವಾಗಿ ಪ್ರಕಟಿಸಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು