ಸುಣ್ಣ ಬಿದ್ದ ಕಣ್ಣು: ಚಿಕ್ಕಬಳ್ಳಾಪುರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳು ಮನೆಗಳಲ್ಲಿ ರೇಷ್ಮೆಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಎರಚುತ್ತಾರೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವಂತೂ ಮಕ್ಕಳ ಕೈಗೆಟುಕುವಲ್ಲೇ ಇರುತ್ತದೆ. ಈ ಸುಣ್ಣ ಕಣ್ಣಿಗೆ ಬಿದ್ದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನಾಗಬೇಕೆಂಬುದೇ ಈ ಪತ್ರದ ವಿಷಯ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಬಿಳಿಗುಡ್ಡೆಗೆ ಸೇರುವ ಅಂಚಿನಲ್ಲಿ, ಅಂದರೆ ಲಿಂಬಸ್‌ನಲ್ಲಿ, ಸ್ಟೆಮ್ ಸೆಲ್‌ಗಳಿವೆ. ಕಾರ್ನಿಯಾದ ಮೇಲ್ಪದರ ಸವೆದಂತೆಲ್ಲ ಹೊಸ ಕೋಶ ಕೊಡುವುದು ಅವೇ. ಸುಣ್ಣದ ಕ್ಷಾರ ಕೋಶಗಳ ಕೊಬ್ಬನ್ನು ಸಾಬೂನಾಗಿಸುತ್ತ ಆಳಕ್ಕಿಳಿಯುತ್ತದೆ. ಅಂಚು ಸುಟ್ಟುಹೋದರೆ ಬಿಳಿಗುಡ್ಡೆಯ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾ ಮೇಲೆ ಹಬ್ಬುತ್ತದೆ. ಆಮೇಲೆ ದಾನದ ಕಾರ್ನಿಯಾ ಒಂದನ್ನೇ ಕೂರಿಸಿದರೆ ಅದೂ ಮಸುಕಾಗುತ್ತದೆ.

ಹಾಗಾಗಿ ಚೀಟಿ ಮಾಡಿಸುವ ಮೊದಲೇ ತೊಳೆಯಬೇಕು. ಮರಗಟ್ಟಿಸುವ ಹನಿ ಹಾಕಿ, ನಾರ್ಮಲ್ ಸಲೈನ್ ಬಾಟಲಿಗೆ ಡ್ರಿಪ್ ಸೆಟ್ ಜೋಡಿಸಿ, ಕನಿಷ್ಠ 30 ನಿಮಿಷ, 1ರಿಂದ 2 ಲೀಟರ್ ಹರಿಸಬೇಕು. ಸಲೈನ್ ಇಲ್ಲವೇ? ನಲ್ಲಿ ನೀರೇ ಸಾಕು, ಕಾಯಬಾರದು. ಮೇಲಿನ ರೆಪ್ಪೆ ಮಗುಚಿ ಹತ್ತಿಯ ಕಡ್ಡಿಯಿಂದ ಸುಣ್ಣದ ಚೂರು ತೆಗೆಯದಿದ್ದರೆ ಎಷ್ಟು ತೊಳೆದರೂ ವ್ಯರ್ಥ. ಅಲ್ಲಿ ಅಂಟಿದ ಚೂರು ಕ್ಷಾರ ಬಿಡುತ್ತಲೇ ಇರುತ್ತದೆ. ತೊಳೆದು 5 ನಿಮಿಷ ಬಿಟ್ಟು ಕೆಳರೆಪ್ಪೆಯೊಳಗೆ ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದ ಮುಟ್ಟಿಸಿ ನೋಡಬೇಕು. 7ರ ಆಸುಪಾಸಿಗೆ ಬರದಿದ್ದರೆ ಮತ್ತೆ ತೊಳೆಯುವುದು. ಹರಳೆಣ್ಣೆ, ಎದೆಹಾಲು, ನಿಂಬೆರಸ ಯಾವುದೂ ಬೇಡ.

ಇನ್ನೊಂದು ಎಚ್ಚರ: ಕೆಂಪಾದ ಕಣ್ಣಿಗಿಂತ ಅಂಚು ಬೆಳ್ಳಗೆ ಬಿಳಿಚಿಕೊಂಡ ಕಣ್ಣು ಹೆಚ್ಚು ಅಪಾಯದ್ದು. ಅಲ್ಲಿ ರಕ್ತವೇ ಹರಿಯುತ್ತಿಲ್ಲ. 'ಕೆಂಪಿಲ್ಲ, ಪರವಾಗಿಲ್ಲ' ಎಂದು ಹನಿ ಕೊಟ್ಟು ಕಳಿಸುವುದು ಇಲ್ಲೇ.

ಒಂದೇ ಕಣ್ಣು ಕೆಟ್ಟಿದ್ದರೆ ದಾರಿ ಇದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದ 'ಸ್ಲೆಟ್' ಎಂಬ ಸ್ಟೆಮ್ ಸೆಲ್ ಕಸಿ ವಿಧಾನದಲ್ಲಿ ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಸುಮಾರು 2 ಮಿ.ಮೀ. ಚೌಕದ ತುಣುಕು ತೆಗೆದು, 8-10 ಚೂರು ಮಾಡಿ, ಕೆಟ್ಟ ಕಣ್ಣಿನ ಕಾರ್ನಿಯಾ ಮೇಲೆ ಹಾಸಿದ ಗರ್ಭಚೀಲದ ಪೊರೆಗೆ ಫೈಬ್ರಿನ್ ಅಂಟಿನಿಂದ ಕೂರಿಸುತ್ತಾರೆ. ಕೋಶ ಬೆಳೆಸುವ ಲ್ಯಾಬ್ ಬೇಕಿಲ್ಲ. ಆದರೆ ಉರಿಯೂತ ಪೂರ್ತಿ ಇಳಿಯುವವರೆಗೆ, ಸಾಮಾನ್ಯವಾಗಿ ತಿಂಗಳುಗಟ್ಟಲೆ, ಕಾಯಬೇಕು. ತೀರಾ ಒಣಗಿದ ಕಣ್ಣಿನಲ್ಲಿ ಚೂರು ಹಿಡಿಯುವುದಿಲ್ಲ.

ಇದನ್ನೇ ನೆಪಮಾಡಿ 'ಸ್ಟೆಮ್ ಸೆಲ್ ಇಂಜೆಕ್ಷನ್' ಮಾರುವವರ ಮೇಲೂ ಕಣ್ಣಿಡಿ. ಅಮೆರಿಕದ ಫ್ಲಾರಿಡಾದಲ್ಲಿ ಹೊಟ್ಟೆಯ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವರದಿಯಾಗಿದೆ.

ನಮ್ಮ ಕೋರಿಕೆ ದೊಡ್ಡದಲ್ಲ. ಪ್ರತಿ ಕೇಂದ್ರದಲ್ಲೂ ಮೇಲಿನ ಸಾಮಾನು ಒಂದೇ ಡಬ್ಬಿಯಲ್ಲಿರಲಿ. ಮೇಲಿನ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಸುಣ್ಣ ಬಿದ್ದ ಹೊತ್ತು, ಎಷ್ಟು ಲೀಟರ್ ತೊಳೆದದ್ದು, ಕೊನೆಯ ಪಿಎಚ್, ಕಾರ್ನಿಯಾದ ಸುತ್ತನ್ನು ಗಡಿಯಾರದ ಮುಖವೆಂದುಕೊಂಡರೆ ಅಂಚು ಎಷ್ಟು ಗಂಟೆಯಷ್ಟು ಬಿಳಿಚಿದೆ ಎಂಬ ನಾಲ್ಕು ವಿವರ ಬರೆಯಲು ಆದೇಶ ಹೊರಡಿಸಿ.

ಇಂತಿ,
ನೇತ್ರ ಚಿಕಿತ್ಸಾ ಕ್ಷೇತ್ರದಲ್ಲಿ ಕೆಲಸ ಮಾಡುವವರು