ಅತ್ತಿಗೆ ಹಿಡಿದುಕೊಟ್ಟ ಬಗ್

ಶುಕ್ರವಾರ ಲ್ಯಾಪ್‌ಟಾಪು, ಐಡಿ ಕಾರ್ಡು ಎರಡನ್ನೂ ವಾಪಸ್ ಕೊಟ್ಟು ಬಂದೆ. ಇಪ್ಪತ್ತು ವರ್ಷಕ್ಕೂ ಮೇಲೆ ಗೇಮ್ ಪ್ರೋಗ್ರಾಮರ್ ಅನ್ನಿಸಿಕೊಂಡೆ. ದಾವಣಗೆರೆಯಲ್ಲಿ ಇವತ್ತಿಗೂ "ಹಂಗಾದ್ರೆ ದಿನಾ ಆಟ ಆಡ್ತೀಯೇನಪಾ" ಅಂತ ಕೇಳ್ತಾರೆ. ಕೇಳಲಿ.

ರಜೆಯಲ್ಲೂ ಲ್ಯಾಬ್ ಬೀಗ ತೆಗೆಸಿಕೊಟ್ಟ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಬೆಂಗಳೂರಿನ ಆರ್ಟಿಸ್ಟ್‌ಗಳು, ಸಂಬಳ ನಿಂತ ತಿಂಗಳುಗಳಲ್ಲಿ ರೂಮಿನ ಬಾಡಿಗೆ ಕೇಳದ ಗೆಳೆಯರು, ಎಲ್ಲರಿಗೂ ಕೈಮುಗಿದೆ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಉಳಿದದ್ದೆಲ್ಲ ಅತ್ತಿಗೆಗೆ.

ಮೊದಲನೇ ಗೇಮಿನ ಕಾಲ. ಕೀಪ್ಯಾಡ್ ಫೋನು, ಗೇಮ್ ಬರೆಯೋಕೆ ಜಾವಾ ಭಾಷೆ. ಆಗಿನ ಎಷ್ಟೋ ನೋಕಿಯಾ ಸೆಟ್‌ಗಳಲ್ಲಿ ಚಿತ್ರ, ಸದ್ದು, ಕೋಡು ಎಲ್ಲ ಸೇರಿ 64 ಕೆಬಿ ಮೀರುವಂತಿಲ್ಲ. ಪರದೆ 128 ಪಿಕ್ಸೆಲ್ ಅಗಲ. ಹಳೇ ಸೆಟ್‌ಗಳ ಜಾವಾದಲ್ಲಿ ದಶಾಂಶದ ಲೆಕ್ಕವೇ ಇಲ್ಲ, ಎಲ್ಲವನ್ನೂ 256ರಿಂದ ಗುಣಿಸಿಟ್ಟುಕೊಂಡು ಪೂರ್ಣಾಂಕದಲ್ಲೇ ಚೆಂಡು ಹಾರಿಸಬೇಕು. ಅದು ಬೇಕೆಂದೇ ಹೊತ್ತ ಕಷ್ಟ. ಬೇಡದ ಕಷ್ಟ ಬೇರೆ ಇತ್ತು, ಒಂದು ಬಗ್, ಅಂದರೆ ಕೋಡಿನೊಳಗಿನ ತಪ್ಪು: ಕಂಪ್ಯೂಟರಿನೊಳಗೆ ಫೋನಿನಂತೆ ನಡೆಯುವ ಎಮ್ಯುಲೇಟರ್‌ನಲ್ಲಿ ಸಲೀಸಾಗಿ ಓಡುವ ಗೇಮು ಫೋನಿಗೆ ಹಾಕಿದರೆ ಆಡ್ತಾ ಆಡ್ತಾ ನಿಂತೇಬಿಡುತ್ತಿತ್ತು. ಬೆಳಿಗ್ಗೆ ಬಿಲ್ಡ್, ಅಂದರೆ ಓಡಿಸೋಕೆ ತಯಾರಾದ ಗೇಮು, ಕಳಿಸಲೇಬೇಕು. ಅಣ್ಣ ಆ ವಾರ ಆಸ್ಪತ್ರೆಯಲ್ಲಿದ್ದ; ಹೇಗಿದ್ದ ಅನ್ನೋದು ಹತ್ತಿರದವರಿಗೆ ಗೊತ್ತೇ ಇದೆ.

ಆ ರಾತ್ರಿ ಅಮ್ಮ ಆಸ್ಪತ್ರೆಯಲ್ಲಿ ಉಳಿದು, ಸ್ವಲ್ಪ ಮಲಗಲಿ ಅಂತ ಅತ್ತಿಗೆಯನ್ನು ವಿದ್ಯಾನಗರದ ಮನೆಗೆ ಕಳಿಸಿದ್ದರು. "ನನ್ನ ಕೈಲಾಗಲ್ಲ ಅತ್ತಿಗೆ" ಅಂದೆ. "ನಿದ್ದೆ ಹೆಂಗೂ ಬರಲ್ಲ, ತಾ ಇಲ್ಲಿ" ಅಂತ ಫೋನ್ ಇಸ್ಕೊಂಡು ನೆಲದ ಮೇಲೆ ಕೂತರು. ಜನ್ಮದಲ್ಲಿ ಗೇಮ್ ಆಡಿದವರಲ್ಲ. ಆಡಿದರು, ಸತ್ತರು, ಮತ್ತೆ ಆಡಿದರು. ಸತ್ತಾಗಲೆಲ್ಲ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಗೆರೆ. ಗೆರೆ ಹಾಕಿ ಅಂತ ನಾನೇನೂ ಹೇಳಿರಲಿಲ್ಲ. ಮೂರು ಗಂಟೆ ಹೊತ್ತಿಗೆ, "ಟೈಮಿಂದಲ್ಲೋ ಇದು. ಸತ್ತು ಮತ್ತೆ ಶುರು ಮಾಡ್ದಾಗೆಲ್ಲ ಒಂಚೂರು ಜಾಸ್ತಿ ತಡೀತೈತೆ. ಗೆರೆ ಎಣಿಸು, ಎರಡು ಸಲಾನೂ ಅಷ್ಟಕ್ಕೇ ನಿಂತೈತೆ" ಅಂದರು.

ಅಷ್ಟು ಸಾಕಾಯ್ತು. ಆಟ ಮತ್ತೆ ಶುರುವಾದಾಗ ಹಳೇ ಶತ್ರುಗಳ ಪಟ್ಟಿ ಖಾಲಿಯಾಗದೆ, ಅದರ ಮೇಲೇ ಹೊಸದು ಸೇರಿ ಫೋನಿನ ಮೆಮೊರಿ ತುಂಬಿಹೋಗುತ್ತಿತ್ತು. ಒಂದೇ ಸಾಲು ಸೇರಿಸಿದೆ, ಸರಿಹೋಯ್ತು. ಮುಂದೆ ದೊಡ್ಡ ದೊಡ್ಡ ಟೀಮುಗಳಲ್ಲಿ ಬಗ್ ರಿಪೋರ್ಟ್ ಓದಿ ಓದಿ ಸಾಕಾಗಿದೆ. "ಗೇಮ್ ಕೈ ಕೊಡ್ತು, ನೋಡಿ" ಅಂತ ಬರೆಯುವವರೇ ಜಾಸ್ತಿ.

ಬೆಳಕು ಹರಿದ ಮೇಲೆ ಅತ್ತಿಗೆ ತಲೆ ಬಾಚಿಕೊಂಡು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಮತ್ತೆ ಆಸ್ಪತ್ರೆಗೆ ಹೋದರು. ಅಣ್ಣ ಆ ಗೇಮ್ ಆಡಲೇ ಇಲ್ಲ. ಇದರ ಮೇಲೆ ಬರೆಯಲು ಕೈ ಓಡುವುದಿಲ್ಲ, ಬಿಡಿ.

64 ಕೆಬಿಯಲ್ಲಿ ಯಾರ ಹೆಸರಿಗೂ ಜಾಗ ಇರಲಿಲ್ಲ. ಈ ಕೊನೇ ಗೇಮಿನ ಕ್ರೆಡಿಟ್ಸ್‌ನಲ್ಲಿ, ಟೆಸ್ಟಿಂಗ್ ಅಂತ ಇರೋ ಕಡೆ ಅತ್ತಿಗೆ ಹೆಸರು ಹಾಕಿಸಿದೆ. ತೋರಿಸಿದರೆ, "ಇನಿಶಿಯಲ್ ಯಾಕೆ ಬಿಟ್ಟಿ? ನಿಮ್ಮಣ್ಣಂದು" ಅಂದರು. ಮುಂದಿನ ಅಪ್‌ಡೇಟ್‌ನಲ್ಲಿ ಅದೂ ಬರುತ್ತೆ.

ಇನ್ನು ಊರಲ್ಲೇ ಇರ್ತೀನಿ. ಗೇಮ್ ಮಾಡೋದು ಕಲೀಬೇಕು ಅನ್ನೋ ಹುಡುಗ ಹುಡುಗಿಯರು ಭಾನುವಾರ ಮನೆಗೆ ಬನ್ನಿ. ಹಳೇ ಕೀಪ್ಯಾಡ್ ಫೋನ್ ಮನೇಲಿ ಬಿದ್ದಿದ್ದರೆ ತನ್ನಿ, ಬ್ಯಾಟರಿ ಹೋಗಿದ್ದರೂ ನಡೆಯುತ್ತೆ. ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ.